ಗೂಡು ನೋಡಿ ನೂಲು ಹೇಳಿದಂತೆ

ಪ್ರಶ್ನೆ: ನಮ್ಮದು ರೇಷ್ಮೆ ಬೇಸಾಯದ ಮನೆ. ಗಾಮಾ ಕಿರಣಗಳ ಸ್ಫೋಟವನ್ನೇ ಅಳತೆಗೋಲು ಮಾಡಿಕೊಂಡು ಕಪ್ಪು ಶಕ್ತಿಯನ್ನು ಹುಡುಕುತ್ತಾರೆ ಎಂದು ಓದಿದೆ. ಆದರೆ ಒಂದು ಸ್ಫೋಟದಂತೆ ಇನ್ನೊಂದು ಇರುವುದಿಲ್ಲವಂತೆ. ಹಾಗಿದ್ದ ಮೇಲೆ ಅದು ಅಳತೆಗೋಲು ಹೇಗಾಗುತ್ತದೆ? ಇಂಥದ್ದು ನಮ್ಮೂರ ಆಕಾಶದಲ್ಲಿ ಯಾವತ್ತಾದರೂ ಕಂಡಿದೆಯೇ? ಇದರಲ್ಲಿ ನಮ್ಮವರ ಕೆಲಸ ಏನಾದರೂ ಉಂಟೇ?
– ಓದುಗರು, ಕೋಡಿಹಳ್ಳಿ, ಕನಕಪುರ ತಾಲ್ಲೂಕು

ಉತ್ತರ: ಎರಡನೇ ಪ್ರಶ್ನೆಯನ್ನು ಮೊದಲು ತೆಗೆದುಕೊಳ್ಳುತ್ತೇನೆ. ಅದಕ್ಕೆ ನಿಮ್ಮೂರಿಗೆ ಹೇಳಿ ಮಾಡಿಸಿದಂಥ ಉತ್ತರವಿದೆ.

2022ರ ಅಕ್ಟೋಬರ್ 9, ಭಾನುವಾರ. ಆವತ್ತು ಆಶ್ವಯುಜದ ಹುಣ್ಣಿಮೆ, ಕ್ಯಾಲೆಂಡರಿನಲ್ಲಿ ಸೀಗೆ ಹುಣ್ಣಿಮೆ ಎಂದು ಬರೆದಿರುತ್ತಾರಲ್ಲ, ಅದು. ಹೊತ್ತು ಮುಳುಗಿ ಮುಕ್ಕಾಲು ಗಂಟೆಯ ಹತ್ತಿರ ಆಗಿತ್ತು, ಮೂಡಲಲ್ಲಿ ಚಂದ್ರ ಆಗಲೇ ಮೇಲೆ ಬಂದಿದ್ದ. ಗಡಿಯಾರದಲ್ಲಿ ಸಂಜೆ 6 ಗಂಟೆ 47 ನಿಮಿಷ. ಆ ಗಳಿಗೆಯಲ್ಲಿ ಭೂಮಿಗೆ ಗಾಮಾ ಕಿರಣಗಳ ಒಂದು ಅಲೆ ಬಡಿಯಿತು. ಮೊದಲು ಸಣ್ಣದೊಂದು ಮುನ್ಸೂಚನೆ, ನಾಲ್ಕು ನಿಮಿಷ ಬಿಟ್ಟು ಅಸಲು ಹೊಡೆತ. ನಾಸಾದ ಫರ್ಮಿ ಉಪಗ್ರಹದ ಉಪಕರಣಗಳಿಗೆ ಎಣಿಕೆಯೇ ತಪ್ಪುವಷ್ಟು ಕಿರಣ ಸುರಿದವು. ಜಿಆರ್‌ಬಿ 221009ಎ ಎಂದು ಅದಕ್ಕೆ ಹೆಸರು. ಹೆಸರೇನೂ ದೊಡ್ಡದಲ್ಲ, ಗಾಮಾ ಕಿರಣ ಸ್ಫೋಟದ ಇಂಗ್ಲಿಷ್ ಮೊದಲಕ್ಷರಗಳು, ಆಮೇಲೆ ಬರೀ ತಾರೀಕು. ಮನುಷ್ಯ ಗಾಮಾ ಕಿರಣ ಅಳೆಯಲು ಶುರು ಮಾಡಿದ ಮೇಲೆ ಕಂಡ ಅತಿ ಪ್ರಕಾಶಮಾನವಾದ ಸ್ಫೋಟ ಅದೇ. ಇಷ್ಟು ಪ್ರಖರವಾದದ್ದು ಸುಮಾರು ಹತ್ತು ಸಾವಿರ ವರ್ಷಕ್ಕೊಮ್ಮೆ ಬರಬಹುದು ಎಂದು ತಜ್ಞರು ಲೆಕ್ಕ ಹಾಕಿದರು.

ಅದು ಬಂದ ದಿಕ್ಕಿಗೂ ನಿಮ್ಮೂರಿನ ಅಕ್ಷಾಂಶ ರೇಖಾಂಶಕ್ಕೂ ಕೂತು ಲೆಕ್ಕ ಹಾಕಿದೆ. ಆ ನಿಮಿಷದಲ್ಲಿ ಆ ದಿಕ್ಕು ಕೋಡಿಹಳ್ಳಿಯ ನೆತ್ತಿಯಿಂದ ಸುಮಾರು ಹತ್ತು ಡಿಗ್ರಿಯಷ್ಟೇ ಓರೆಯಾಗಿತ್ತು. ಕೈ ಚಾಚಿ ಮುಷ್ಟಿ ಹಿಡಿದರೆ ಆಕಾಶದಲ್ಲಿ ಎಷ್ಟು ಅಗಲ ಮುಚ್ಚುತ್ತದೋ ಅಷ್ಟು. ಭೂಮಿಯ ಮೇಲೆ ಸ್ಫೋಟ ತೀರಾ ನೆತ್ತಿಗೆ ನೇರವಾಗಿದ್ದ ಜಾಗ ಮುಂಬೈಗೆ ತುಸು ಪಡುವಣಕ್ಕೆ ಅರಬ್ಬಿ ಸಮುದ್ರದಲ್ಲಿ ಬೀಳುತ್ತದೆ. ಅಂದರೆ ಹತ್ತು ಸಾವಿರ ವರ್ಷಕ್ಕೊಂದು ಮಳೆ ಬಂತು, ಅದು ನಮ್ಮ ತಲೆಯ ಮೇಲೇ ಬಂತು, ಯಾರಿಗೂ ಒಂದು ಹನಿ ತಾಗಲಿಲ್ಲ. ಗಾಮಾ ಕಿರಣಕ್ಕೆ ನಮ್ಮ ವಾಯುಮಂಡಲ ದಪ್ಪ ಕಂಬಳಿ ಇದ್ದ ಹಾಗೆ, ಹತ್ತಾರು ಕಿಲೋಮೀಟರ್ ಮೇಲೆಯೇ ತಡೆದುಬಿಡುತ್ತದೆ. ಆದರೂ ಆ ಕಂಬಳಿ ಒಂದಿಷ್ಟು ಅದುರಿತು. ಭೂಮಿಯ ಮೇಲುಗಡೆಯ ವಿದ್ಯುತ್ಕಣಗಳ ಪದರ ಏಕಾಏಕಿ ಕದಡಿದ್ದನ್ನು ಯೂರೋಪಿನ ರೇಡಿಯೊ ಗ್ರಾಹಕಗಳು ದಾಖಲಿಸಿದವು.

ಆ ಬೆಳಕು ಅಲ್ಲಿಂದ ಹೊರಟು ಸುಮಾರು 190 ಕೋಟಿ ವರ್ಷವಾಗಿತ್ತು. ರಾಮನಗರದ ಬೆಟ್ಟಗಳ ಕಲ್ಲಿಗೆ ಭೂವಿಜ್ಞಾನಿಗಳು ಊರಿನ ಹಳೆಯ ಹೆಸರು ಹಿಡಿದು ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ಅದರ ವಯಸ್ಸು ಸುಮಾರು 250 ಕೋಟಿ ವರ್ಷ. ಬೆಳಕು ಹೊರಡುವ ಹೊತ್ತಿಗೆ ನಿಮ್ಮ ಸೀಮೆಯ ಬಂಡೆ ಆಗಲೇ 60 ಕೋಟಿ ವರ್ಷ ಹಳತು. ಇಷ್ಟಾದರೂ ಇದು ಹತ್ತಿರದ ಸ್ಫೋಟ ಎಂದೇ ಲೆಕ್ಕ. ಅಷ್ಟು ಜೋರಾಗಿ ಕಂಡದ್ದಕ್ಕೆ ಅದೂ ಒಂದು ಕಾರಣ.

ಈಗ ಅಸಲು ವಿಷಯ. ಈ ಸ್ಫೋಟಗಳಲ್ಲಿ ಎರಡು ಜಾತಿ. ಎರಡು ಸೆಕೆಂಡಿಗಿಂತ ಹೆಚ್ಚು ಹೊತ್ತು ಉರಿಯುವವು ಸಾಮಾನ್ಯವಾಗಿ ದೊಡ್ಡ ನಕ್ಷತ್ರದ ತಿರುಳು ಕುಸಿದು ಕಪ್ಪುಕುಳಿಯಾಗುವಾಗ ಆಗುವಂಥವು. ಗಳಿಗೆಯಲ್ಲಿ ಆರಿಹೋಗುವವು ಬಹುಪಾಲು ಎರಡು ನ್ಯೂಟ್ರಾನ್ ನಕ್ಷತ್ರಗಳು ಡಿಕ್ಕಿ ಹೊಡೆದಾಗಿನವು. ನಿಮ್ಮ ಪ್ರಶ್ನೆಗೆ ಬೇಕಾದ್ದು ಮೊದಲನೆಯ ಜಾತಿ. ಸೂರ್ಯ ತನ್ನ ಆಯುಸ್ಸಿನ ಸಾವಿರ ಕೋಟಿ ವರ್ಷದಲ್ಲಿ ಉರಿಸುವಷ್ಟನ್ನು ಅದು ಕೆಲವೇ ಸೆಕೆಂಡಿನಲ್ಲಿ ಸುಟ್ಟುಬಿಡುತ್ತದೆ.

ಅಳತೆಗೆ ಏನು ಬೇಕು? ದೂರದ ಜಾತ್ರೆಯಲ್ಲಿ ಗರ್ನಾಲು ಹಾರಿಸಿದರೆ ಸದ್ದು ಕೇಳಿ ಯಾವೂರಿನದು ಎನ್ನುವವರಿದ್ದಾರೆ. ಗರ್ನಾಲು ಎಷ್ಟು ಜೋರಿನದು ಎಂದು ಗೊತ್ತಿದ್ದರೆ ಮಾತ್ರ ಆ ಮಾತು ನಡೆಯುತ್ತದೆ. ಬೆಳಕೂ ಹಾಗೇ. ದೀಪದ ನಿಜವಾದ ಕಸುವು ಗೊತ್ತಿರಬೇಕು, ಆಗ ನಮಗೆ ಕಾಣುವ ಮಂಕಿನಿಂದ ದೂರ ಹೇಳಬಹುದು. ದೂರ ಎರಡು ಪಟ್ಟಾದರೆ ಬೆಳಕು ನಾಲ್ಕನೇ ಒಂದು ಪಾಲಿಗೆ ಇಳಿಯುತ್ತದೆ, ಅಷ್ಟೇ ಸೂತ್ರ. ಒಂದನೇ ಎ ವರ್ಗದ ಸೂಪರ್‌ನೋವಾಗಳು ಹೀಗೆ ಕಸುವು ಗೊತ್ತಿರುವ ದೀಪಗಳು. ಖಭೌತ ವಿಜ್ಞಾನಿ ಚಂದ್ರಶೇಖರ್ ಲೆಕ್ಕ ಹಾಕಿದ ಮಿತಿಯ, ಅಂದರೆ ಸೂರ್ಯನ 1.4 ಪಟ್ಟು ತೂಕದ ಆಸುಪಾಸಿನಲ್ಲಿ ಶ್ವೇತಕುಬ್ಜ ನಕ್ಷತ್ರ ಸಿಡಿಯುವುದರಿಂದ ಎಲ್ಲವೂ ಹೆಚ್ಚುಕಡಿಮೆ ಒಂದೇ ಸಮ ಬೆಳಗುತ್ತವೆ.

ಆದರೆ ದೂರವೊಂದೇ ಸಾಲದು. ಪತ್ರಿಕೆಗಳಲ್ಲಿ ಬರುವ ಎಷ್ಟೋ ಲೇಖನಗಳು ಇಲ್ಲೇ ಕೈಕೊಡುತ್ತವೆ, ಆದ್ದರಿಂದ ನಿಧಾನವಾಗಿ ಹೇಳುತ್ತೇನೆ. ನೀವು ಬೆಂಗಳೂರಿನಿಂದ ಬಸ್ಸು ಹತ್ತಿ ಬನಶಂಕರಿ, ಕಗ್ಗಲೀಪುರ, ಹಾರೋಹಳ್ಳಿ, ಕನಕಪುರ ದಾಟಿ ಊರಿಗೆ ಬಂದಿರಿ ಎನ್ನಿ. ದಾರಿಯಲ್ಲಿ ನಿದ್ದೆ. ಡ್ರೈವರು ಎಲ್ಲಿ ನಿಧಾನ ಮಾಡಿದ, ಎಲ್ಲಿ ಜೋರು ಬಿಟ್ಟ ಎಂದು ತಿಳಿಯಬೇಕು. ಪ್ರತಿ ಸ್ಟಾಪಿನ ಕಿಲೋಮೀಟರೂ ಬೇಕು, ಅಲ್ಲಿಗೆ ಬಂದಾಗಿನ ಗಂಟೆಯೂ ಬೇಕು. ಒಂದಿದ್ದು ಇನ್ನೊಂದಿಲ್ಲದಿದ್ದರೆ ವೇಗ ಗೊತ್ತಾಗುವುದಿಲ್ಲ. ವಿಶ್ವದ ವಿಷಯದಲ್ಲೂ ಹೀಗೇ ಎರಡು ಲೆಕ್ಕ. ಮಂಕಿನಿಂದ ಸಿಗುವ ದೂರ ಒಂದು. ಬೆಳಕಿನ ಪಟ್ಟೆಯಲ್ಲಿ ಗೆರೆಗಳು ಕೆಂಪಿನ ಕಡೆಗೆ ಎಷ್ಟು ಸರಿದಿವೆ ಎಂಬ ಕೆಂಪುಪಲ್ಲಟ ಇನ್ನೊಂದು. ಬೆಳಕು ಹಾದಿಯಲ್ಲಿದ್ದಷ್ಟು ಕಾಲದಲ್ಲಿ ವಿಶ್ವ ಎಷ್ಟು ಪಟ್ಟು ಹಿಗ್ಗಿತು ಎಂದು ಎರಡನೆಯದು ಹೇಳುತ್ತದೆ. ಎರಡನ್ನೂ ಸಾಲಾಗಿ ಜೋಡಿಸಿದರೆ ಹಿಗ್ಗುವ ವೇಗದ ಚರಿತ್ರೆ ಸಿಗುತ್ತದೆ.

1998ರಲ್ಲಿ ಸಾಲ್ ಪರ್ಲ್‌ಮಟರ್ ಅವರ ತಂಡವೂ, ಬ್ರಯಾನ್ ಶ್ಮಿಟ್ ಹಾಗೂ ಆಡಂ ರೀಸ್ ಅವರಿದ್ದ ಇನ್ನೊಂದು ತಂಡವೂ ಹೀಗೆ ಸೂಪರ್‌ನೋವಾಗಳನ್ನು ಜೋಡಿಸಿ ನೋಡಿದವು. ಇರಬೇಕಾದ್ದಕ್ಕಿಂತ ಅವು ಮಂಕಾಗಿದ್ದವು. ಬ್ರೇಕು ಹಾಕಿಕೊಂಡು ಬರುತ್ತಿದೆ ಎಂದುಕೊಂಡಿದ್ದ ಬಸ್ಸು ಕೊನೆಯ 500–600 ಕೋಟಿ ವರ್ಷಗಳಿಂದ ವೇಗ ಹೆಚ್ಚಿಸಿಕೊಂಡು ಓಡುತ್ತಿದೆ! ಆಕ್ಸಿಲರೇಟರ್ ಯಾರು ಒತ್ತಿದ್ದು ಎಂಬುದಕ್ಕೆ ಉತ್ತರವಿಲ್ಲದ್ದರಿಂದ ಕಪ್ಪು ಶಕ್ತಿ ಎಂದು ಹೆಸರಿಟ್ಟರು. ಇಲ್ಲಿ ಕಪ್ಪು ಎಂದರೆ ಬಣ್ಣವಲ್ಲ, ನಮ್ಮ ಅಜ್ಞಾನ. ಇಂದಿನ ವಿಶ್ವದ ಒಟ್ಟು ಆಸ್ತಿಯಲ್ಲಿ ನೂರಕ್ಕೆ ಸುಮಾರು ಎಪ್ಪತ್ತು ಪಾಲು ಅದೇ. 2011ರಲ್ಲಿ ಆ ಮೂವರಿಗೂ ನೊಬೆಲ್ ಬಂತು.

ಸೂಪರ್‌ನೋವಾ ದೀಪಕ್ಕೆ ಒಂದು ಮಿತಿ ಇದೆ. ಒಳ್ಳೆಯ ಲೆಕ್ಕ ಸಿಗುವುದು ಸುಮಾರು ಸಾವಿರ ಕೋಟಿ ವರ್ಷ ಹಿಂದಿನವರೆಗೆ, ಅದರಾಚೆ ಬೆರಳೆಣಿಕೆಯಷ್ಟೇ. ವಿಶ್ವದ ವಯಸ್ಸು 1380 ಕೋಟಿ. ನಮ್ಮ ಬಸ್ಸಿನ ಮಾತಿನಲ್ಲಿ ಹೇಳುವುದಾದರೆ ಹಾರೋಹಳ್ಳಿಯಿಂದ ಈಚೆಗಿನ ಸ್ಟಾಪುಗಳ ಲೆಕ್ಕವಿದೆ, ಹೊರಟ ಬೆಂಗಳೂರಿನ ಲೆಕ್ಕವೂ ವಿಶ್ವದ ಮೊದಲ ಬೆಳಕಿನಿಂದ ಸಿಕ್ಕಿದೆ, ನಡುವಿನ ಬನಶಂಕರಿ, ಕಗ್ಗಲೀಪುರದ ಲೆಕ್ಕ ಬಹಳ ಕಡಿಮೆ. ಗಾಮಾ ಸ್ಫೋಟದ ಮೇಲೆ ಕಣ್ಣು ಬಿದ್ದದ್ದು ಅದಕ್ಕೇ. 2009ರ ಏಪ್ರಿಲ್ 23ರಂದು ಕಂಡ ಸ್ಫೋಟದ ಕೆಂಪುಪಲ್ಲಟ 8.2. ವಿಶ್ವ ಹುಟ್ಟಿ 63 ಕೋಟಿ ವರ್ಷ ಆಗಿದ್ದಾಗಿನ ಬೆಳಕು ಅದು. ಗಾಮಾ ಕಿರಣಕ್ಕೆ ದಾರಿಯ ಧೂಳು ಅಡ್ಡಿಯಲ್ಲ ಎಂಬುದು ಇನ್ನೊಂದು ಅನುಕೂಲ.

ಇಷ್ಟಾದ ಮೇಲೆ ನಿಮ್ಮ ಮೊದಲ ಪ್ರಶ್ನೆ ಎದುರಿಗೆ ಬಂದು ನಿಲ್ಲುತ್ತದೆ, ಒಂದರಂತೆ ಇನ್ನೊಂದಿಲ್ಲವಲ್ಲ ಎಂದು. ನಿಜ. ಒಂದಕ್ಕೂ ಇನ್ನೊಂದಕ್ಕೂ ಕಸುವಿನಲ್ಲಿ ಸಾವಿರ ಪಟ್ಟು ವ್ಯತ್ಯಾಸ ಇರುವುದೂ ಉಂಟು. ಆದರೆ ಒಂದರಂತೆ ಇನ್ನೊಂದಿಲ್ಲದ ಸರಕಿಗೆ ಬೆಲೆ ಕಟ್ಟುವ ವಿದ್ಯೆ ನಿಮ್ಮ ಮನೆಯವರಿಗೆ ಗೊತ್ತಿಲ್ಲದ್ದೇನಲ್ಲ.

ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಒಂದು ಬೆಳಗ್ಗೆ ನಿಂತು ನೋಡಿದ್ದೆ. ಗೂಡಿನಿಂದ ನೂಲು ತೆಗೆಯುವ ರೀಲರ್ ಒಬ್ಬರು ಲಾಟಿನ ಮುಂದೆ ಬಗ್ಗಿ, ಮೇಲಿನದನ್ನು ಬಿಟ್ಟು ಒಳಗೆ ಕೈ ಹಾಕಿ ಒಂದು ಹಿಡಿ ಗೂಡು ತೆಗೆದರು. ಹೆಬ್ಬೆರಳಲ್ಲಿ ಒತ್ತಿದರು, ಎಷ್ಟು ಗಟ್ಟಿ ಎಂದು. ಕಿವಿಯ ಹತ್ತಿರ ಅಲ್ಲಾಡಿಸಿದರು, ಒಳಗೆ ಕೋಶ ಸರಿಯಾಗಿದೆಯೇ ಎಂದು. ಮೈಮೇಲಿನ ತರಿಯನ್ನು ಬೆಳಕಿಗೆ ಹಿಡಿದರು. ಒಂದು ಎಳೆ ನೂಲನ್ನೂ ಬಿಚ್ಚಲಿಲ್ಲ. ಆದರೂ ಮನಸ್ಸಿನಲ್ಲೇ ರೆಂಡಿಟ್ಟಾ ಕಟ್ಟಿದರು. ಒಂದು ಕಿಲೋ ನೂಲಿಗೆ ಇದರಲ್ಲಿ ಎಷ್ಟು ಕಿಲೋ ಗೂಡು ಬೇಕಾದೀತು, ಆರೋ, ಏಳೋ, ಎಂಟೋ. ಆ ಅಂದಾಜಿನ ಮೇಲೆ ಬೆಲೆ ಕೂಗಿದರು. ಹೊರಗಿನ ಗುಣಕ್ಕೂ ಒಳಗಿನ ನೂಲಿಗೂ ಇರುವ ನಂಟು ಅವರಿಗೆ ಗೊತ್ತು. ಒಂದೊಂದೇ ಗೂಡು ತೆಗೆದುಕೊಂಡರೆ ಅಂದಾಜು ತಪ್ಪೀತು, ಲಾಟಿಗೆ ಲಾಟು ತಪ್ಪುವುದು ಕಡಿಮೆ.

ಗಾಮಾ ಸ್ಫೋಟದಲ್ಲೂ ಇಂಥದೊಂದು ನಂಟನ್ನು 2002ರಲ್ಲಿ ಇಟಲಿಯ ಲೊರೆಂಜೊ ಅಮಾಟಿ ಮತ್ತು ಸಂಗಡಿಗರು ಕಂಡುಕೊಂಡರು. ಆಗ ಅವರ ಕೈಯಲ್ಲಿದ್ದದ್ದು ಒಂದು ಡಜನ್ನಿನಷ್ಟು ಸ್ಫೋಟ. ಕುಲುಮೆಯಲ್ಲಿ ಕಬ್ಬಿಣ ಕಾದ ಹಾಗೆ ಕೆಂಪು, ಹಳದಿ, ಬಿಳಿ ಎಂದು ಬಣ್ಣ ಏರುತ್ತದಲ್ಲ, ಹಾಗೆ ಸ್ಫೋಟಕ್ಕೂ ಒಂದು ಬಣ್ಣವಿದೆ. ಅದರ ಕಿರಣಗಳಲ್ಲಿ ಯಾವ ಶಕ್ತಿಯವು ಹೆಚ್ಚು ಪಾಲು ಹೊತ್ತಿವೆಯೋ ಅದೇ ಬಣ್ಣ. ಒಟ್ಟು ಉರಿದ ಶಕ್ತಿ ಹೆಚ್ಚಾದಷ್ಟೂ ಆ ಬಣ್ಣ ಮೇಲಕ್ಕೆ ಏರುತ್ತದೆ, ಸುಮಾರಾಗಿ ಶಕ್ತಿ ನಾಲ್ಕು ಪಟ್ಟಾದರೆ ಬಣ್ಣ ಎರಡು ಪಟ್ಟು. ಬಣ್ಣ ಅಳೆಯಲು ದೂರ ಗೊತ್ತಿರಬೇಕಿಲ್ಲ, ಉಪಗ್ರಹದ ಅಳತೆಯೂ ಕೆಂಪುಪಲ್ಲಟವೂ ಇದ್ದರೆ ಸಾಕು. ಬಣ್ಣದಿಂದ ಕಸುವು, ಕಸುವಿನಿಂದ ದೂರ. 2008ರಲ್ಲಿ ಮರಿಯಾ ಡೈನೋಟ್ಟಿ ಇನ್ನೊಂದು ನಂಟು ತೋರಿಸಿದರು. ಸ್ಫೋಟ ಆದ ಮೇಲೆ ಉಳಿಯುವ ಎಕ್ಸ್-ರೇ ಬೆಳಕು ಕೆಲವೊಮ್ಮೆ ಸ್ವಲ್ಪ ಹೊತ್ತು ಇಳಿಯದೆ ಮಟ್ಟಸವಾಗಿ ನಿಲ್ಲುತ್ತದೆ. ಧಗಧಗ ಉರಿದದ್ದು ಬೇಗ ಇಳಿಯುತ್ತದೆ, ಬೂದಿ ಮುಚ್ಚಿದ ಕೆಂಡದಂಥದ್ದು ಬಹಳ ಹೊತ್ತು ನಿಲ್ಲುತ್ತದೆ. ಈಚೆಗೆ ಇದನ್ನೂ ಅಳತೆಗೆ ಬಳಸುತ್ತಾರೆ.

ಇಲ್ಲಿಗೆ ನಿಲ್ಲಿಸಿದರೆ ಕಥೆ ಚೆನ್ನಾಗಿರುತ್ತದೆ, ಆದರೆ ಅರ್ಧ ಸುಳ್ಳಾಗುತ್ತದೆ.

ಮೊದಲ ತೊಡಕು ಅಳತೆಯ ಒರಟುತನ. ಚೆನ್ನಾಗಿ ಅಳೆದ ಒಂದು ಸೂಪರ್‌ನೋವಾದ ದೂರದಲ್ಲಿ ತಪ್ಪು ನೂರಕ್ಕೆ ಏಳೆಂಟರಷ್ಟು. ಅಮಾಟಿಯ ನಂಟು ಹಿಡಿದು ಹೇಳಿದ ಒಂದು ಗಾಮಾ ಸ್ಫೋಟದ ದೂರದಲ್ಲಿ ತಪ್ಪು ನಲವತ್ತು, ಐವತ್ತಕ್ಕೂ ಹೋಗುತ್ತದೆ. ಒಂದು ಸೂಪರ್‌ನೋವಾದ ಸಮಕ್ಕೆ ಬರಬೇಕಾದರೆ ನಲವತ್ತೈವತ್ತು ಸ್ಫೋಟಗಳ ಲಾಟು ಬೇಕು. ಅಷ್ಟೊಂದು ಸರಕು ಎಲ್ಲಿದೆ? ಸಾವಿರಾರು ಸ್ಫೋಟ ಕಂಡಿದ್ದರೂ ಕೆಂಪುಪಲ್ಲಟ ಗೊತ್ತಿರುವುದು ಕೆಲವು ನೂರಕ್ಕೆ ಮಾತ್ರ. ಉಳಿದವುಗಳಲ್ಲಿ ಎಷ್ಟೋ ದೂರದರ್ಶಕ ತಿರುಗಿಸುವಷ್ಟರಲ್ಲಿ ಆರಿಹೋದವು.

ಎರಡನೆಯದು ಸೇರಿನ ಗೋಳು. ಅಂಗಡಿಯ ಸೇರು ಸರಿ ಇದೆಯೇ ಎಂದು ಅದೇ ಸೇರಿನಿಂದ ಅಳೆದು ಹೇಳಲಾದೀತೇ? ಬಣ್ಣಕ್ಕೂ ಕಸುವಿಗೂ ಇರುವ ನಂಟನ್ನು ಕಂಡುಹಿಡಿಯಲು ಮೊದಲೇ ಕೆಲವು ಸ್ಫೋಟಗಳ ದೂರ ಗೊತ್ತಿರಬೇಕು. ಆ ದೂರವನ್ನು ಕಪ್ಪು ಶಕ್ತಿ ಇಷ್ಟಿದೆ ಎಂದು ಒಪ್ಪಿಕೊಂಡೇ ಲೆಕ್ಕ ಹಾಕಿದರೆ, ಕೊನೆಗೆ ಸಿಗುವ ಉತ್ತರದಲ್ಲಿ ನಾವು ಹಾಕಿದ್ದೇ ವಾಪಸು ಬರುತ್ತದೆ. ಮೊದಮೊದಲು ಈ ತಪ್ಪು ನಡೆದದ್ದುಂಟು. ಈಗ ಮಾಡುವುದು ಹೀಗೆ: ಸೂಪರ್‌ನೋವಾ ಸಿಗುವ ದೂರದಲ್ಲೇ ಇರುವ ಗಾಮಾ ಸ್ಫೋಟಗಳನ್ನು ಆರಿಸಿ, ಸೂಪರ್‌ನೋವಾ ಹೇಳಿದ ದೂರಕ್ಕೆ ಅವನ್ನು ತಾಳೆ ಹಾಕಿ, ಆ ಸೇರನ್ನು ಹಿಡಿದುಕೊಂಡು ಮುಂದಿನ ಕತ್ತಲೆಗೆ ಹೋಗುತ್ತಾರೆ.

ಮೂರನೆಯದೇ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ. ದೂರದ ತಾಲ್ಲೂಕಿನಿಂದ ಗಾಡಿ ಬಾಡಿಗೆ ಕೊಟ್ಟು ರಾಮನಗರಕ್ಕೆ ಗೂಡು ತರುವವರು ಒಳ್ಳೆಯ ಮಾಲು ಇದ್ದರೆ ಮಾತ್ರ ತರುತ್ತಾರೆ. ಮಾರುಕಟ್ಟೆಯಲ್ಲಿ ನಿಂತು ನೋಡಿದವನಿಗೆ ಆ ಸೀಮೆಯ ಬೆಳೆಯೆಲ್ಲ ಹೀಗೇ ಎನ್ನಿಸುತ್ತದೆ. ಸಾವಿರ ಕೋಟಿ ವರ್ಷದಾಚೆಯಿಂದ ನಮ್ಮವರೆಗೆ ಬಂದು ಮುಟ್ಟುವುದೂ ಅತಿ ಜೋರಾದ ಸ್ಫೋಟ ಮಾತ್ರ, ಸಣ್ಣವು ಕಾಣುವುದೇ ಇಲ್ಲ. ಆಗಿನ ನಕ್ಷತ್ರಗಳಲ್ಲಿ ಹೈಡ್ರೋಜನ್, ಹೀಲಿಯಂ ಬಿಟ್ಟರೆ ಭಾರದ ಧಾತುಗಳು ಕಡಿಮೆ. ಅವು ಸಾಯುವಾಗಲೂ ಇವತ್ತಿನ ನಂಟನ್ನೇ ಪಾಲಿಸಿದವು ಎನ್ನಲು ಜಾಮೀನು ಯಾರು? ಹತ್ತಿರದಲ್ಲೇ ನಂಟು ಮುರಿದ ಉದಾಹರಣೆ ಇದೆ. 1998ರ ಏಪ್ರಿಲ್ 25ರ ಸ್ಫೋಟ ಒಂದು ಸೂಪರ್‌ನೋವಾ ಜೊತೆಗೇ ಕಂಡಿತು, ಕಸುವಿನಲ್ಲಿ ತೀರಾ ಬಡಪಾಯಿ, ಬಣ್ಣ ಮಾತ್ರ ದೊಡ್ಡವರದು. ಸಾಲದ್ದಕ್ಕೆ ಈ ಸ್ಫೋಟಗಳು ಸುತ್ತಲೂ ಬೆಳಗುವ ದೀಪಗಳಲ್ಲ. ಆನೆ ಬಂತೆಂದು ಹೊಲದಂಚಿಗೆ ಬ್ಯಾಟರಿ ಬಿಡುತ್ತೀರಲ್ಲ, ಅಂಥ ಕಿರಿದಾದ ಧಾರೆ. ಕಣ್ಣಿಗೆ ನೇರ ಬಿಟ್ಟರೆ ಸಣ್ಣ ಬ್ಯಾಟರಿಯೂ ಸರ್ಚ್‌ಲೈಟಿನಂತೆ ಕಾಣುತ್ತದೆ.

ಇನ್ನೂ ಒಂದು ಮಾತು. ಕೆಂಪುಪಲ್ಲಟ 8ರ ಕಾಲದಲ್ಲಿ ವಿಶ್ವ ಚಿಕ್ಕದು, ದ್ರವ್ಯ ಒತ್ತಾಗಿತ್ತು. ಕಪ್ಪು ಶಕ್ತಿ ಬದಲಾಗದ್ದು ಎಂದಿಟ್ಟುಕೊಂಡರೆ ಆಗ ಅದರ ಪಾಲು ನೂರಕ್ಕೆ ಅರ್ಧವೂ ಇರಲಿಲ್ಲ. ಇಲ್ಲದ ಕಡೆ ಹುಡುಕಿ ಏನು ಬಂತು ಎಂದು ನೀವು ಕೇಳಬಹುದು. ಇಲ್ಲವೆಂದು ಖಾತ್ರಿ ಮಾಡಿಕೊಳ್ಳುವುದೇ ಅಲ್ಲಿನ ಕೆಲಸ. ಅಮೆರಿಕದ ಅರಿಜೋನಾದಲ್ಲಿರುವ ಡೆಸಿ ಉಪಕರಣ ಲಕ್ಷಾಂತರ ಗೆಲಾಕ್ಸಿಗಳನ್ನು ಅಳೆದು, ಕಪ್ಪು ಶಕ್ತಿ ಕಾಲ ಕಳೆದಂತೆ ಸೊರಗುತ್ತಿರಬಹುದು ಎಂಬ ಸುಳಿವನ್ನು 2024ರಲ್ಲೂ 2025ರಲ್ಲೂ ಕೊಟ್ಟಿತು. ಸುಳಿವಷ್ಟೇ, ಸಾಬೀತಲ್ಲ. ಇಂದು ಸೊರಗುತ್ತಿರುವುದು ಹಿಂದೆ ಹೇಗಿತ್ತು ಎಂಬ ಪ್ರಶ್ನೆ ಬಂದಾಗ ಹಳೆಯ ಸ್ಟಾಪುಗಳ ಲೆಕ್ಕಕ್ಕೆ ಬೆಲೆ ಬರುತ್ತದೆ. ಸದ್ಯಕ್ಕೆ ಗಾಮಾ ಸ್ಫೋಟಗಳು ಸೂಪರ್‌ನೋವಾದ ಸಾಕ್ಷಿಗೆ ವಿರುದ್ಧ ಹೇಳಿಲ್ಲ. ತಮ್ಮಷ್ಟಕ್ಕೇ ತೀರ್ಪು ಕೊಡುವ ಶಕ್ತಿಯೂ ಅವಕ್ಕೆ ಬಂದಿಲ್ಲ. ಗಾಮಾ ಸ್ಫೋಟದಿಂದ ಕಪ್ಪು ಶಕ್ತಿಯ ಗುಟ್ಟು ರಟ್ಟು ಎಂಬ ತಲೆಬರಹ ಕಂಡರೆ ನಂಬಬೇಡಿ.

ನಮ್ಮವರ ವಿಷಯಕ್ಕೆ ಬರೋಣ. ಗಾಮಾ ಸ್ಫೋಟ ಮೊದಲು ಸಿಕ್ಕಿದ್ದು 1967ರಲ್ಲಿ, ಅಣುಬಾಂಬಿನ ಕಳ್ಳ ಪರೀಕ್ಷೆ ಹಿಡಿಯಲು ಅಮೆರಿಕ ಹಾರಿಸಿದ್ದ ವೇಲಾ ಉಪಗ್ರಹಗಳಿಗೆ. ಅದನ್ನು ಜಗತ್ತಿಗೆ ತಿಳಿಸಿದ್ದು 1973ರಲ್ಲಿ. ಅಲ್ಲಿಂದ ಹದಿನಾಲ್ಕೇ ವರ್ಷಕ್ಕೆ ಬೆಂಗಳೂರಿನ ಇಸ್ರೊ ಉಪಗ್ರಹ ಕೇಂದ್ರ ಗಾಮಾ ಸ್ಫೋಟ ಹಿಡಿಯುವ ಉಪಕರಣ ಕಟ್ಟಿ ಸ್ರಾಸ್ ಎಂಬ ಪುಟ್ಟ ಉಪಗ್ರಹಕ್ಕೆ ಕೂರಿಸಿತ್ತು. 1987ರಲ್ಲಿ ರಾಕೆಟ್ ಬಿತ್ತು. 1988ರಲ್ಲಿ ಮತ್ತೆ ಬಿತ್ತು. 1992ರ ಮೇ 20ರಂದು ಹಾರಿದ ಮೂರನೆಯದು ತೀರಾ ಕೆಳಗಿನ ಕಕ್ಷೆ ಸೇರಿ ಎರಡು ತಿಂಗಳಲ್ಲಿ ಸುಟ್ಟುಹೋಯಿತು. 1994ರ ಮೇ 4ರ ನಾಲ್ಕನೆಯದು, ಸ್ರಾಸ್-ಸಿ2, ನಿಂತಿತು, ವರ್ಷಗಟ್ಟಲೆ ದುಡಿಯಿತು. ಮೂರು ಬೆಳೆ ಕೈಕೊಟ್ಟ ಮೇಲೂ ಚಾಕಿ ತಂದು ಮತ್ತೆ ಹುಳು ಸಾಕುವವರಿಗೆ ಆ ಹಟ ಅರ್ಥವಾಗುತ್ತದೆ. ಆಗಿನ್ನೂ ಈ ಸ್ಫೋಟಗಳು ನಮ್ಮ ಗೆಲಾಕ್ಸಿಯವೋ ಆಚೆಯವೋ ಎಂಬುದೇ ತೀರ್ಮಾನವಾಗಿರಲಿಲ್ಲ. 1995ರಲ್ಲಿ ವಾಷಿಂಗ್ಟನ್ನಿನಲ್ಲಿ ಅದರ ಮೇಲೊಂದು ವಾದವೇ ನಡೆಯಿತು. 1997ರಲ್ಲಿ ಮೊದಲ ಕೆಂಪುಪಲ್ಲಟ ಸಿಕ್ಕಿದ ಮೇಲೆ ಆಚೆಯವೇ ಎಂದಾಯಿತು.

ಈಗಿನದು ಆಸ್ಟ್ರೋಸ್ಯಾಟ್. 2015ರ ಸೆಪ್ಟೆಂಬರ್ 28ರಂದು ಹಾರಿತು. ಅದರಲ್ಲಿರುವ ಸಿಝಡ್‌ಟಿಐ ಎಂಬ ಉಪಕರಣ ಚಾಲೂ ಆದ ದಿನವೇ, ಅಕ್ಟೋಬರ್ 6ರಂದು, ಒಂದು ಗಾಮಾ ಸ್ಫೋಟ ಹಿಡಿಯಿತು. 2023ರ ನವೆಂಬರಿಗೆ ಎಣಿಕೆ 600 ಮುಟ್ಟಿತು. ಆ ಮಾಹಿತಿ ಬಂದು ಸೇರುವ ಇಸ್ರೊ ದತ್ತಾಂಶ ಕೇಂದ್ರ ಇರುವುದು ಬ್ಯಾಲಾಳುವಿನಲ್ಲಿ, ಬಿಡದಿ ಕಡೆಯವರಿಗೆ ಅದು ನೆರೆಯೂರು. ಚಂದ್ರಯಾನದ ಸುದ್ದಿಯಲ್ಲಿ ಟಿವಿಯವರು ತೋರಿಸುವ ದೊಡ್ಡ ತಟ್ಟೆಗಳು ಅಲ್ಲಿಯವೇ. ಸ್ಫೋಟದ ಹಿಂದೆ ಉಳಿಯುವ ಮಿಣುಕು ಬೆಳಕನ್ನು ಬೆನ್ನಟ್ಟಲು ಭಾರತೀಯ ಖಭೌತ ಸಂಸ್ಥೆಯ ಎರಡು ಮೀಟರ್ ದೂರದರ್ಶಕ ಲಡಾಖಿನ ಹಾನ್ಲೆಯಲ್ಲಿದೆ. ಅದನ್ನು ನಡೆಸುವವರು ಹೊಸಕೋಟೆಯಲ್ಲಿ ಕೂತು ಉಪಗ್ರಹದ ಮೂಲಕ ತಿರುಗಿಸುತ್ತಾರೆ.

ಬರಿಗಣ್ಣಿಗೆ ಕಾಣುವ ಅವಕಾಶ ಒಮ್ಮೆ ಇತ್ತು. 2008ರ ಮಾರ್ಚ್ 19ರಂದು 750 ಕೋಟಿ ವರ್ಷ ಹಳೆಯ ಸ್ಫೋಟವೊಂದರ ಬೆಳಕು ಅರ್ಧ ನಿಮಿಷದಷ್ಟು ಹೊತ್ತು ಕತ್ತಲಿನ ಆಕಾಶದಲ್ಲಿ ಕಾಣುವ ಮಟ್ಟಕ್ಕೆ ಏರಿತ್ತು. ಆದರೆ ಆಗ ನಮಗೆ ಹಗಲು ಹನ್ನೊಂದೂ ಮುಕ್ಕಾಲು.

ನಿಮ್ಮೂರ ನೆತ್ತಿಯ ಮೇಲೆ ಬಂದದ್ದರ ಜಾಗವನ್ನಾದರೂ ನೋಡಬಹುದು. ಅಕ್ಟೋಬರ್ ಮೊದಲ ಎರಡು ವಾರ, ಸಂಜೆ ಏಳರ ಹೊತ್ತಿಗೆ ತಲೆ ಎತ್ತಿ. ಬಡಗಣಕ್ಕೆ ವಾಲಿದಂತೆ ಉಜ್ವಲವಾಗಿ ಇರುವುದು ಅಭಿಜಿತ್, ನೆತ್ತಿಯ ಹತ್ತಿರ, ಎರಡು ಕಡೆ ಸಣ್ಣ ಚುಕ್ಕಿ ಇಟ್ಟುಕೊಂಡು ಹೊಳೆಯುವುದು ಶ್ರವಣ. ಶ್ರವಣದಿಂದ ಅಭಿಜಿತ್ ಕಡೆಗೆ ಐದರಲ್ಲಿ ಎರಡು ಪಾಲು ದೂರ ಹೋದರೆ ಅದರ ಆಸುಪಾಸು. ಅಲ್ಲಿ ಈಗ ಕಣ್ಣಿಗೆ ಕಾಣುವಂಥದ್ದು ಏನೂ ಇಲ್ಲ. ಬ್ಯಾಟರಿ ಆರಿಸಿಯೇ ನೋಡಬೇಕು, ಆದ್ದರಿಂದ ಆನೆ ಓಡಾಡುವ ದಿನಗಳಲ್ಲಿ ಹೊಲದ ಕಡೆ ಹೋಗಬೇಡಿ, ಮನೆಯ ಮಾಳಿಗೆಯೇ ಸಾಕು.